ತೂಬಿನ ಮೊದಲ ಬೊಗಸೆ

ಸಿಕಂದರನ ಮುಖ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶಿಕಾರಿಪುರದ ಆ ಮನುಷ್ಯನಿಗೆ ನಮ್ಮೂರ ಕೆರೆಯ ಮೀನು ಹಿಡಿಯುವ ಹಕ್ಕು ಸಿಕ್ಕ ದಿನವೇ ನನ್ನ ನೆಮ್ಮದಿ ಹೋಯಿತು. ನಾನು ನೀರುಗಂಟಿ ಹುಲಿಯಪ್ಪ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ನೀರು ಅನ್ನುವುದು ನಮ್ಮ ಮನೆತನದ ಕೆಲಸ. ತೂಬು ತೆಗೆದರೆ ಮೀನು ಸಾಯುತ್ತವೆ ಅಂತ ಅವನ ಬೊಬ್ಬೆ.

"ಕೆರೆ ಏನು ನಿಮ್ಮಪ್ಪಂದಾ?" ಅಂದಿದ್ದ ಒಮ್ಮೆ, ಏರಿಯ ಮೇಲೆ ನಿಂತು.

"ಹೌದಲೇ, ನಮ್ಮಪ್ಪಂದೇ. ಏನೀಗ?" ಅಂದಿದ್ದೆ.

ನಮ್ಮೂರಲ್ಲಿ ಒಂದು ಕಟ್ಟಳೆ. ಸಸಿಮಡಿಗೆ ವರ್ಷದ ಮೊದಲ ನೀರು ಬಿಡುವಾಗ ಊರವರೆದುರು ನೀರುಗಂಟಿ ಮೊದಲ ಬೊಗಸೆ ಕುಡಿಯಬೇಕು. ನೀರನ್ನು ಕೆಡದಂತೆ ಕಾಯ್ದಿದ್ದೇನೆ ಅನ್ನುವುದಕ್ಕೆ ಅದೇ ಸಾಕ್ಷಿ. ಕುಡಿಯದವನ ಕೈಯಲ್ಲಿ ತೂಬಿನ ಕೋಲು ಉಳಿಯುವುದಿಲ್ಲ. ನಮ್ಮಪ್ಪ ಜ್ವರದಲ್ಲೂ ಎದ್ದು ಬಂದು ಕುಡಿದವನು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಕೆರೆ ಬತ್ತಿ, ತೂಬಿನ ಮುಂದಿನ ಗುಂಡಿಯಲ್ಲಷ್ಟೇ ನೀರು ಉಳಿದಿತ್ತು. ಆಗ ಗ್ರಾಮಸೇವಕ ಆನಂದಪ್ಪ ಬಂದರು. ಸೊರಬದ ಕಡೆಯವರು, ಮೆತ್ತಗೆ ಮಾತಾಡುವವರು. ನನ್ನ ಗದ್ದೆಯಲ್ಲಿ ಹೊಸ ಗೊಬ್ಬರದ ಪ್ರಯೋಗ ಅಂತ ಮೂರು ಚೀಲ ಇಳಿಸಿ ಹೋದರು. ಅಮೋನಿಯಂ ಸಲ್ಫೇಟ್ ಅಂತೆ, ನೋಡಲು ಉಪ್ಪು. ಒಂದು ಹರಳು ನಾಲಿಗೆಗೆ ಇಟ್ಟೆ, ಚುರ್ ಅಂತು. ಥೂ! ಈ ಕಾವಿಗೆ ಸಸಿ ಉಳಿಯುತ್ತದೆಯೇ?

ಕುರಿ ಹಿಕ್ಕೆ ಕಾವು ಅಂತ ಅದನ್ನು ಗೋಣಿಯಲ್ಲಿ ಕಟ್ಟಿ, ನೀರಲ್ಲಿ ಎರಡು ದಿನ ನೆನೆಹಾಕಿ ಆಮೇಲೆ ಗದ್ದೆಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಇದಕ್ಕೂ ಹಾಗೇ ಮಾಡಿದೆ. ಮೂರೂ ಚೀಲದ ಬಾಯಿ ಬಿಗಿದು ತೂಬಿನ ಗುಂಡಿಯಲ್ಲಿ ಮುಳುಗಿಸಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಗುಂಡಿಯ ತುಂಬ ಗೆಂಡೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಊರಿಗೆ ಊರೇ ಸೇರಿತು. ಸಿಕಂದರನೇ ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮತ್ತೇರಿಸಿ ಹಿಡಿಯಲು ಹೋಗಿ, ನೀರನ್ನೇ ಕೆಡಿಸಿದ್ದಾನೆ ಅಂದರು. ಹಾಗೆ ಮೊದಲು ಅಂದವನು ನಾನೇ, ಯಾಕೆ ಮುಚ್ಚಿಡಲಿ? ಆಮೇಲೆ ನನ್ನ ಚೀಲ ಎಳೆದು ನೋಡುತ್ತೇನೆ, ಮೂರೂ ಖಾಲಿ! ನೀರಿಗೆ ವಿಷ ಹಾಕಿದ್ದಲ್ಲದೆ ನನ್ನ ಗೊಬ್ಬರವನ್ನೂ ಹೊಡೆದಿದ್ದಾನಲ್ಲ ಅಂತ ರಕ್ತ ಕುದಿಯಿತು.

ಪಟೇಲ ಮಲ್ಲೇಶಪ್ಪನವರು ಏರಿಯ ಮೇಲೇ ಪಂಚಾಯ್ತಿ ಕೂರಿಸಿದರು. ಸುದ್ದಿ ಕೇಳಿ ಆನಂದಪ್ಪನವರೂ ಸೈಕಲ್ ತುಳಿದುಕೊಂಡು ಬಂದಿದ್ದರು. ಒದ್ದೆ ಚೀಲಗಳನ್ನು ಎಲ್ಲರ ಮುಂದೆ ಬಿಸಾಕಿದೆ.

"ಕಳ್ಳ ಇವ್ನು! ಗುಂಡ್ಯಾಗೆ ನೆನೆಹಾಕಿದ್ದ ಗೊಬ್ರ ಪೂರಾ ಹೊಡ್ಕಂಡಾನೆ. ಈ ಊರಾಗೆ ಇವ್ನು ಕಾಲಿಡಂಗಿಲ್ಲ ಅಂತ ಮಾಡ್ರಿ!"

ಸಿಕಂದರ್ ಏನೋ ಅನ್ನಲು ಬಾಯಿ ತೆರೆದ. ಆನಂದಪ್ಪ ಕೈಯೆತ್ತಿ ತಡೆದರು. ಅವರ ಮುಖ ಬಿಳಿಚಿಕೊಂಡಿತ್ತು.

"ಹುಲಿಯಪ್ಪನೋರೇ, ಚೀಲದ ಗಂಟು ಬಿಚ್ಚಿತ್ತಾ?"

"ಇಲ್ರೀ. ಕಟ್ಟಿದ್ದು ಕಟ್ಟಿದಂಗೇ ಇತ್ತು. ಬಿಚ್ಚಿದ್ದು ನಾನೇ."

"ಹಾಗಾದ್ರೆ ಕಳ್ಳ ಹ್ಯಾಗೆ ತಗೊಂಡ?"

"ಅದ್ನ ಅವ್ನನ್ನೇ ಕೇಳ್ರಿ!"

ಅವರು ಕೇಳಲಿಲ್ಲ. ಚೆಂಬಿನಲ್ಲಿ ಬಾವಿ ನೀರು ತರಿಸಿ, ಸೈಕಲ್ಲಿನ ಚೀಲದಿಂದ ಒಂದು ಹಿಡಿ ಬಿಳಿ ಗೊಬ್ಬರ ಹಾಕಿ ಕಲಕಿದರು. ಎಲ್ಲ ಕರಗಿ, ಹಿಡಿ ಗೊಬ್ಬರ ಇದ್ದ ಸುಳಿವೇ ಇಲ್ಲ. ಸಿಕಂದರ್ ತನ್ನ ಗಡಿಗೆಯಲ್ಲಿ ಉಳಿದಿದ್ದ ಒಂದು ಜೀವಂತ ಮೀನನ್ನು ತಂದು ಚೆಂಬಿಗೆ ಬಿಟ್ಟ. ಅದು ಬಾಯಿ ಬಾಯಿ ಬಿಟ್ಟಿತು, ಹೊರಳಿತು. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹೊಟ್ಟೆ ಮೇಲಾಯಿತು.



"ಸಗಣಿ, ಸೊಪ್ಪು, ಸತ್ತ ಮೀನು ಏನು ಬಿದ್ರೂ ಕೆರೆ ಅರಗಿಸ್ಕಳತ್ತೆ," ಅಂದರು ಆನಂದಪ್ಪ. "ಕೆಸರಲ್ಲಿ ಕಣ್ಣಿಗೆ ಕಾಣದ ಜೀವ ಇದಾವೆ. ಇಂಥ ಸತ್ವಾನ ಅವು ನಿಧಾನಕ್ಕೆ ಬೇರೆ ರೂಪಕ್ಕೆ ತರ್ತವೆ, ಅದನ್ನ ಪೈರು ಉಣ್ಣತ್ತೆ. ಆದ್ರೆ ಇಷ್ಟು ಸಣ್ಣ ಗುಂಡಿಗೆ ಒಂದೇ ಸಲ ಮೂರು ಚೀಲ ತುರುಕಿದ್ರೆ ಅವು ಏನು ಮಾಡ್ಯಾವು? ಈ ನೀರು ಗದ್ದೆಗೆ ಅಡ್ಡಿಲ್ಲ. ಬಾಯಿಗೆ ಬೇಡ. ನೆನೆಹಾಕಬೇಡಿ ಅಂತ ನಾನೂ ಹೇಳ್ಬೇಕಿತ್ತು."

ಹೇಳಬೇಕಿತ್ತು! ಈಗ ಹೇಳಿ ಏನು ಬಂತು?

ಮರುದಿನವೇ ಸಸಿಮಡಿಗೆ ನೀರು ಬಿಡುವ ದಿನ. ತೂಬಿನ ಕೋಲು ಎಳೆದೆ. ನೀರು ಹಸಿರಾಗಿ ಬಂತು, ಕೊಳೆತ ಮೀನಿನ ನಾತ ಹೊತ್ತು ಬಂತು. ಊರವರೆಲ್ಲ ಸುತ್ತ ನಿಂತಿದ್ದರು.

"ಕುಡಿಯಪ್ಪಾ, ನೀರುಗಂಟಿ," ಅಂದ ಸಿಕಂದರ್. "ನಿಮ್ಮಪ್ಪನ ಕೆರೆ ಅಲ್ವಾ?"

ಅವನನ್ನು ಯಾರಾದರೂ ಗದರಿಸುತ್ತಾರೆ ಅಂತ ಕಾದೆ. ಪಟೇಲರು ಮುಖ ಅತ್ತ ತಿರುಗಿಸಿದರು. ಹಟಕ್ಕೆ ಬಿದ್ದು ಬೊಗಸೆ ತುಂಬಿದೆ, ತುಟಿಯ ತನಕ ಎತ್ತಿದೆ. ಅಂಗೈಯಲ್ಲಿ ಒಂದು ಮೀನಿನ ಹುರುಪೆ ತೇಲುತ್ತಿತ್ತು. ನನ್ನ ಬೆರಳು ನನ್ನ ಮಾತೇ ಕೇಳದೆ ಬಿಡಿಸಿಕೊಂಡವು. ನೀರೆಲ್ಲ ಕಾಲ ಮೇಲೆ ಸುರಿಯಿತು.

ಪಟೇಲರು ಕೈ ಚಾಚಿದರು. ಕೋಲು ಕೊಟ್ಟೆ. ಅವರು ಅದನ್ನು ತಾವು ಇಟ್ಟುಕೊಳ್ಳಲಿಲ್ಲ, ಸಿಕಂದರನ ಕಡೆ ತಿರುಗಿದರು.

"ನಿನ್ನ ಮೀನಂತೂ ಹೋದ್ವು," ಅಂದರು. "ತಗಳಪ್ಪಾ. ಈ ವರ್ಷ ನೀರು ನೀನೇ ಕಾಯಿ."