ಖಾಲಿ ತಾರೀಖಿನ ಅಕ್ಕ

‘ಆಗ್ಲಿಲ್ಲ ಅಂದ್ರೆ?’ ಎಂಬ ಪ್ರಶ್ನೆಯನ್ನು ಬಿಟ್ಟರೆ ನಮ್ಮ ಮೇಷ್ಟ್ರ ಬಾಯಿಂದ ಬೇರೆ ಮಾತು ಹೊರಡುತ್ತಿದ್ದುದೇ ಅಪರೂಪ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದ ನಮಗೆ ಡೇಟಾಬೇಸಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ, ಅಂದರೆ ಪ್ರೊಸೀಜರ್, ಬರೆಯುವ ಓನಾಮ ಕಲಿಸುತ್ತಿದ್ದವರು ಅವರು. ಯಂತ್ರಗಳಿಗಾಗಿ ಸದಾ ಕೊರೆಯುವಷ್ಟು ತಣ್ಣಗಿಟ್ಟಿದ್ದ ಆ ಕೋಣೆಯಲ್ಲಿ, ಮೊಣಕೈ ಸವೆದ ಕಂದು ಕೋಟು ತೊಟ್ಟು, ಎಡಗಾಲನ್ನು ಕೊಂಚ ಎಳೆಯುತ್ತಾ ಬಂದು ಬೆನ್ನ ಹಿಂದೆ ನಿಂತರೆಂದರೆ ನಾವು ಬರೆದ ಸಾಲುಗಳನ್ನೆಲ್ಲ ಮತ್ತೆ ಮೊದಲಿಂದ ಓದತೊಡಗುತ್ತಿದ್ದೆವು. ಊಟಕ್ಕೆ ಹೊರಟವರನ್ನೂ ‘ಊಟ ಆಗ್ಲಿಲ್ಲ ಅಂದ್ರೆ?’ ಎಂದು ತಡೆದಾರೆಂದು ಹಿಂದಿನಿಂದ ಗೇಲಿ ಮಾಡುತ್ತಿದ್ದೆವು.

ಎಲ್ಲರಿಗೂ ಅವರು ಕೊಡುತ್ತಿದ್ದ ಮೊದಲ ಪಾಠ ಒಂದೇ: ಕಿಡ್ನಿಗಾಗಿ ಕಾದಿರುವ ರೋಗಿಗಳ ದಾಖಲೆಗಳನ್ನು ಒಂದೊಂದಾಗಿ ಎತ್ತಿಕೊಂಡು, ರಕ್ತಪರೀಕ್ಷೆಯ ತಾರೀಖು ನೋಡಿ, ಸರದಿ ಕಟ್ಟುವುದು. ಅಭ್ಯಾಸಕ್ಕೆ ಕೊಟ್ಟ ಆ ದಾಖಲೆಗಳಲ್ಲಿ ‘ಅಕ್ಕ’ ಎಂಬ ಹೆಸರಿನದೊಂದಿತ್ತು. ಅದರ ತಾರೀಖಿನ ಜಾಗ ಖಾಲಿ. ಮೇಷ್ಟ್ರ ತಮಾಷೆಯಿರಬೇಕೆಂದುಕೊಂಡೆ. ನನ್ನ ಪ್ರೋಗ್ರಾಂ ಅಲ್ಲಿಗೆ ಬಂದೊಡನೆ ಮುಗ್ಗರಿಸಿ ಬೀಳುತ್ತಿತ್ತು. ರೋಸಿಹೋಗಿ, ತಪ್ಪು ಬಂದರೆ ಏನು ಮಾಡಬೇಕೆಂದು ತಿಳಿಸುವ ಕೊನೆಯ ಭಾಗದಲ್ಲಿ ‘ಏನೂ ಮಾಡಬೇಡ, ಮುಂದೆ ಹೋಗು’ ಎಂದು ಬರೆದುಬಿಟ್ಟೆ. ಪ್ರೋಗ್ರಾಂ ಸರಾಗವಾಗಿ ಓಡಿತು. ಬೀಗುತ್ತಾ ತಿರುಗಿ ನೋಡಿದರೆ ಮೇಷ್ಟ್ರ ಮುಖ ಕಪ್ಪಿಟ್ಟಿತ್ತು.

‘ಅಕ್ಕ ಎಲ್ಲಿ?’

‘ಅದೊಂದು ಬಿಟ್ಟುಹೋಯ್ತು ಸಾರ್. ಮಿಕ್ಕಿದ್ದೆಲ್ಲ ಸರಿಯಾಗಿ ಬಂದಿದೆಯಲ್ಲ?’

‘ನಾನೂ ಹಾಗೇ ಅಂದ್ಕೊಂಡಿದ್ದೆ,’ ಎಂದು ಸ್ಟೂಲೆಳೆದು ಕುಳಿತರು.

ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅವರ ಅಕ್ಕ ಇದೇ ಆಸ್ಪತ್ರೆಯ ಸರದಿಯಲ್ಲಿ ಕಾದಿದ್ದಳಂತೆ. ಆಗತಾನೇ ಕೆಲಸ ಕಲಿತಿದ್ದ ಮೇಷ್ಟ್ರು ಬರೆದ ಪ್ರೊಸೀಜರೇ ದಿನವೂ ಆ ಸರದಿ ಕಟ್ಟುತ್ತಿತ್ತು. ಯಾರೋ ತಾರೀಖು ತುಂಬಲು ಮರೆತರು; ಪ್ರೊಸೀಜರ್ ಚಕಾರವೆತ್ತದೆ ಅವಳನ್ನು ದಾಟಿಹೋಯಿತು. ‘ನನ್ನ ಸರದಿ ಎಲ್ಲಿಗೆ ಬಂತೋ?’ ಎಂದು ಅವಳು ಕೇಳಿದಾಗಲೆಲ್ಲ ಇವರು, ‘ಬರುತ್ತೆ ಸುಮ್ನಿರಕ್ಕ, ಪ್ರೋಗ್ರಾಂ ನಂದೇ’ ಎನ್ನುತ್ತಿದ್ದರು. ಅವಳು ತೀರಿಕೊಂಡ ಮೇಲೆ ಹೆಸರು ತೆಗೆದುಹಾಕಲು ಸರದಿ ಬಿಚ್ಚಿದರೆ, ಅದರಲ್ಲಿ ಅವಳ ಹೆಸರೇ ಇರಲಿಲ್ಲ.

ನಾನು ಬರೆದದ್ದನ್ನು ಅಳಿಸಿ ತಿದ್ದಿದೆ. ಈ ಸಲ ಪ್ರೋಗ್ರಾಂ ಅಕ್ಕನ ಬಳಿ ನಿಂತು, ತಾರೀಖಿಲ್ಲವೆಂದು ಕೆಂಪಕ್ಷರದಲ್ಲಿ ತೋರಿಸಿತು.

‘ಹಾಂ, ಈಗ ಕೂಗ್ತು,’ ಎಂದು ಮೇಷ್ಟ್ರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಇಂಥವರನ್ನು ಲೋಕ ಕಿರಿಕಿರಿಯ ಮನುಷ್ಯರೆಂದು ದೂರವಿಡುತ್ತದೆ. ಅವರಿಗೂ ಲೋಕದ ಕ್ಷಮೆ ಬೇಕಿಲ್ಲ. ಹೊಸಬರೊಬ್ಬರು ಬಂದಾಗಲೆಲ್ಲ ಅವರು ಸತ್ತವಳನ್ನು ಮತ್ತೆ ಸರದಿಯಲ್ಲಿ ನಿಲ್ಲಿಸಿ ಕಾಯುತ್ತಾರೆ, ಇವರಾದರೂ ಅವಳನ್ನು ಬಿಟ್ಟು ಮುಂದೆ ಹೋಗದಿರಲಿ ಎಂದು.