ಕೊರಗಪ್ಪ ಶೋ

ಹೇಳಿಬಿಡುವುದೋ ಬೇಡವೋ? ಹೇಳುವುದಿದ್ದರೆ ಈಗಲೇ ಹೇಳಬೇಕು. ವೇದಿಕೆ ಹತ್ತಿದ ಮೇಲೆ ಹೇಳಿದರೆ ಅದನ್ನೂ ಜೋಕೆಂದೇ ತಿಳಿದು ನಕ್ಕಾರು. ಹೇಳದೆ ಸುಮ್ಮನಿದ್ದರೆ ಈ ಡಬ್ಬಿಯೊಳಗೆ ಕೈ ಅದ್ದಬೇಕು.

ಕುವೈತ್‌ನ ಅಹ್ಮದಿಯಲ್ಲಿ ಹಾಲೊಂದರ ಹಿಂದಿನ ಕೋಣೆಯಲ್ಲಿ ಕೊರಗಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದರಲ್ಲಿ ತೆಂಗಿನೆಣ್ಣೆಯಲ್ಲಿ ಕಲಸಿದ ಮಸಿ ಇತ್ತು. ಪಕ್ಕದ ಮೇಜಿನ ಮೇಲೆ, ಯಾರದೋ ಲಗೇಜಿನಲ್ಲಿ ಊರಿನಿಂದ ಬಂದ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ.

ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಎಣ್ಣೆಯ ಟ್ಯಾಂಕ್ ತೊಳೆಯುವುದು ಅವನ ಕೆಲಸ. ಒಳಗೆ ಇಳಿದವರು ಹೊರಗೆ ಬರುವಾಗ ಎಲ್ಲರೂ ಒಂದೇ ಬಣ್ಣ. ಮಹಬೂಲಾದ ಕ್ಯಾಂಪಿನಲ್ಲಿ ಅವನು ಫೋರ್‌ಮನ್‌ಗಳನ್ನು ಅನುಕರಿಸುತ್ತಿದ್ದ. ಮುಖದ ಒಂದು ಗೆರೆಯೂ ಅಲುಗದೆ 'ಯಲ್ಲಾ, ಯಲ್ಲಾ' ಎಂದು ಅವಸರಿಸುವಾಗ ಕೋಣೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದ ಮಂಚದ ಬಾವಾಕುಂಞಿ ಅದನ್ನು ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟ. ಅದು ರಾನ್ಸನ್‌ನ ಕಣ್ಣಿಗೆ ಬಿತ್ತು.

ರಾನ್ಸನ್ ಊರಿನ ಟೀವಿ ಚಾನೆಲೊಂದಕ್ಕೆ ಕುವೈತ್‌ನಿಂದ ಕಾರ್ಯಕ್ರಮ ಮಾಡಿಕೊಡಲು ಒಪ್ಪಿಕೊಂಡಿದ್ದ. ಅವನು ಕ್ಯಾಂಪಿಗೇ ಬಂದು ಒಂದು ಹಳೆಯ ವಿಡಿಯೋ ತೋರಿಸಿದ. ಐವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಕಪ್ಪು ಜನಾಂಗದವನೊಬ್ಬ ತನ್ನದೇ ಹೆಸರಿನಲ್ಲಿ ಶೋ ನಡೆಸಿದ್ದನಂತೆ. ಹಾಡು, ಕುಣಿತ, ಹಾಸ್ಯ ಎಲ್ಲ ಅವನ ಉಸ್ತುವಾರಿಯಲ್ಲೇ. ದುಂಡು ವೇದಿಕೆ, ಸುತ್ತಲೂ ಜನ. ಬಿಳಿಯರ ಮನೆಗಳೆಲ್ಲ ಅವನಿಗಾಗಿ ಟೀವಿ ಮುಂದೆ ಕೂತಿದ್ದವಂತೆ. "ನಮ್ಮವರಲ್ಲಿ ಹೀಗೆ ಯಾರೂ ಮಾಡ್ಲಿಲ್ಲ. ಕಾರ್ಮಿಕನೇ ನಿರೂಪಕ. ಹೆಸರು 'ಕೊರಗಪ್ಪ ಶೋ'," ಎಂದಿದ್ದ ರಾನ್ಸನ್.

ಕೊರಗಪ್ಪನಿಗೆ ಆ ಇಂಗ್ಲಿಷ್ ಅರ್ಥವಾಗಿರಲಿಲ್ಲ. ಒಂದು ಮಾತ್ರ ಕಂಡಿತ್ತು. ಆ ಮನುಷ್ಯ ಮುಖಕ್ಕೆ ಏನೂ ಬಳಿದುಕೊಂಡಿರಲಿಲ್ಲ. ಇದ್ದ ಮುಖದಲ್ಲೇ ಬಂದಿದ್ದ.

ಮಸಿಯ ಯೋಚನೆ ವಿನೀತನದು. ಅವನು ಕೊರಗಪ್ಪನ ಕಂಪನಿಯ ಮ್ಯಾನೇಜರ್, ಊರವರ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಶೋನ ಖರ್ಚು ಕಂಪನಿಯದೇ. ಕೊರಗಪ್ಪನ ಇಕಾಮಾದ, ಅಂದರೆ ಅಲ್ಲಿರುವ ಪರವಾನಗಿಯ, ಅವಧಿ ಮುಗಿಯುತ್ತಾ ಬಂದಿತ್ತು, ನವೀಕರಣದ ಫೈಲು ವಿನೀತನ ಮೇಜಿನ ಮೇಲಿತ್ತು. ಶೋ ಆಗಲಿ, ಆಮೇಲೆ ಕಳಿಸುವ ಎಂದಿದ್ದ. ಕೊನೆಯ ಐಟಂ ಕೊರಗ ವೇಷ ಎಂದೂ ಹೇಳಿದ್ದ. ಊರಲ್ಲಿ ಅಷ್ಟಮಿಗೆ ಬೇರೆ ಜಾತಿಯವರು ಮಸಿ ಬಳಿದು, ಮುಟ್ಟಾಳೆ ಇಟ್ಟು, ಕೊರಗ ಜಾತಿಯವರನ್ನು ಅಣಕಿಸಿ ಕುಣಿಯುತ್ತಿದ್ದ ವೇಷ ಅದು.

"ಊರಲ್ಲಿ ಈಗ ಅದು ಹಾಕಿದರೆ ಪೊಲೀಸ್ ಬರ್ತಾರಂತೆ, ಸಾರ್," ಎಂದಿದ್ದ ಕೊರಗಪ್ಪ.

"ಇದು ಕುವೈತ್ ಮಾರಾಯ. ಇಲ್ಲಿ ಎಂತ ಕೇಸು? ಜನರಿಗೆ ಊರಿನ ನೆನಪಾಗ್ಬೇಕು."

"ನಾನು ಮೊದಲೇ ಕಪ್ಪಲ್ವಾ?"

"ಸಾಕಾಗುದಿಲ್ಲ. ಲೈಟಿಗೆ ಬೂದಿ ಬೂದಿ ಕಾಣ್ತದೆ."

ವಿನೀತನಲ್ಲಿ ದ್ವೇಷವೇನೂ ಇರಲಿಲ್ಲ. ಕರಾವಳಿಯಲ್ಲಿ ಮಕ್ಕಳು ಉಳಿಯದ ಮನೆಯವರು ಕೊರಗಜ್ಜ ದೈವಕ್ಕೆ ಹರಕೆ ಹೇಳಿ, ಹುಟ್ಟಿದ ಮಗುವಿಗೆ ಕೊರಗಪ್ಪ ಎಂದು ಹೆಸರಿಡುವುದುಂಟು. ಎಲ್ಲ ಜಾತಿಯಲ್ಲೂ ಕೊರಗಪ್ಪಂದಿರಿದ್ದಾರೆ. ಮೊದಲ ದಿನ ಕ್ಯಾಂಪಿನ ಮೆಸ್ಸಿನಲ್ಲಿ ವಿನೀತ್, "ಹರಕೆಯ ಹೆಸರಾ?" ಎಂದು ಕೇಳಿದಾಗ ಕೊರಗಪ್ಪನ ಬಾಯಿ ತುಂಬ ಖುಬೂಸ್ ರೊಟ್ಟಿ ಇತ್ತು. ನುಂಗುವುದರೊಳಗೆ ವಿನೀತ್ ಮುಂದಿನ ಮೇಜಿಗೆ ಹೋಗಿದ್ದ. ಆಮೇಲೆ ಯಾರೂ ಕೇಳಲಿಲ್ಲ. ಕೇಳದಿದ್ದದ್ದಕ್ಕೆ ಎಲ್ಲರ ಜೊತೆ ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿನ್ನುವುದು ಸಾಧ್ಯವಾಯಿತು. ಹಾಗೆ ವರ್ಷಗಳು ಕಳೆದವು.

ಹೊರಗೆ ಅವನ ಹೆಸರು ಕೂಗಿದರು. ಅವನು ಮುಟ್ಟಾಳೆಯನ್ನು ಅಲ್ಲೇ ಬಿಟ್ಟ. ಡಬ್ಬಿ ಹಿಡಿದುಕೊಂಡು, ತೊಳೆದ ಮುಖದಲ್ಲಿ ವೇದಿಕೆ ಹತ್ತಿದ.

ದುಂಡು ವೇದಿಕೆಯ ಹತ್ತಿರ ಸಂಘದ ಕುಟುಂಬಗಳು. ಹಿಂದೆ, ಕುರ್ಚಿ ತುಂಬಿಸಲೆಂದು ಬಸ್ಸಿನಲ್ಲಿ ತಂದ ಕ್ಯಾಂಪಿನವರು. ಫೋರ್‌ಮನ್‌ಗಳ ಜೋಕಿಗೆ ಹಿಂದಿನವರು ಮೊದಲು ನಕ್ಕರು. ಹಾಡುಗಾರರನ್ನು ಕರೆದ, ಕಳಿಸಿದ. ಎಲ್ಲ ಸಲೀಸಾಗಿ ಹೋಯಿತು. ರಾನ್ಸನ್ ಕ್ಯಾಮೆರಾದ ಹಿಂದಿನಿಂದ ಹೆಬ್ಬೆರಳು ತೋರಿಸಿದ.

ಕೊರಗಪ್ಪ ಡಬ್ಬಿಯ ಮುಚ್ಚಳ ತೆಗೆದ.

"ಇದು ಎಂತ ಗೊತ್ತುಂಟಾ?"

ಕೊರಗ ವೇಷ ಎಂದು ಹತ್ತಾರು ಬಾಯಿ ಕೂಗಿದವು. ಮುಂದಿನ ಸಾಲು ಕುಲುಕುಲು ನಕ್ಕಿತು.

"ಊರಲ್ಲಿ ಅಷ್ಟಮಿಗೆ ಇದನ್ನು ಹಾಕಿದವರು ಕೈ ಎತ್ತಿ."

ತುಂಬ ಕೈಗಳು ಎದ್ದವು. ಮುಂದಿನ ಸಾಲಿನಲ್ಲಿದ್ದ ವಿನೀತ್ ಎರಡೂ ಕೈ ಎತ್ತಿದ.

"ಆ ಕುಣಿತ, ಆ ಮಾತು ನಿಮಗೆ ಕಲಿಸಿದ್ದು ಯಾರು?"

"ಕೊರಗರನ್ನು ನೋಡಿಯೇ ಕಲಿತದ್ದು," ಎಂದ ವಿನೀತ್. ಮತ್ತೆ ನಗು.

"ನಿಮ್ಮನ್ನು ನೋಡಿ ಕೊರಗರು ಎಂತ ಕಲಿತರು? ಕೇಳಿದ್ದೀರಾ?" ಅವನ ಮುಖದ ಗೆರೆ ಅಲುಗಲಿಲ್ಲ. "ದೊಡ್ಡ ಮನೆಯಲ್ಲಿ ಬಸುರಿಗೆ ದೋಷ ಇದ್ದರೆ ನಮ್ಮನ್ನು ಕರೀತಿದ್ರು. ಅವರ ಉಗುರು, ಕೂದಲು ಅನ್ನಕ್ಕೆ ಕಲಸಿ ಬಡಿಸ್ತಿದ್ರು. ನಾವು ತಿಂದರೆ ದೋಷ ನಮಗೆ ಬರ್ತದೆ, ಅವರಿಗೆ ಹೋಗ್ತದೆ. ನನ್ನ ಅಮ್ಮ ತಿಂದಿದ್ದಾರೆ. ಸಣ್ಣವನಿರುವಾಗ ನಾನೂ ತಿಂದಿದ್ದೇನೆ. ಉಪ್ಪು ಕಮ್ಮಿ ಇತ್ತು."

ಒಬ್ಬಿಬ್ಬರು ನಗಲು ಹೊರಟು ನಿಲ್ಲಿಸಿದರು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಕೊರಗಪ್ಪ ಕಾದ.

"ಅದಕ್ಕೆ ನನಗೆ ಇದು ಬೇಡ," ಎಂದು ಮುಚ್ಚಳ ಹಾಕಿದ. "ಬೇಕಾದವರು ತಕೊಂಡು ಹೋಗಿ."

ಡಬ್ಬಿಯನ್ನು ವೇದಿಕೆಯ ಅಂಚಿನಲ್ಲಿ, ವಿನೀತನ ಕಾಲಿನ ಹತ್ತಿರ ಇಟ್ಟ. ಹಿಂದಿನ ಸಾಲಿನಲ್ಲಿ ಬಾವಾಕುಂಞಿ ಎದ್ದು ನಿಂತ. ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನಿಂತ. ಅವನ ಆಚೀಚೆಯವರು ಎದ್ದರು. ಮಾತು ತಿಳಿಯದ ನೇಪಾಳದವರೂ ಎದ್ದರು. ಮುಂದಿನವರು ತಿರುಗಿ ನೋಡಿದರು. ಇದೂ ಕಾರ್ಯಕ್ರಮದ ಭಾಗವೇ ಎಂದು ಒಬ್ಬ ಹೆಂಗಸು ಪಕ್ಕದವಳನ್ನು ಕೇಳಿದಳು.

ಮರುದಿನ ವಿನೀತ್ ಅವನನ್ನು ಆಫೀಸಿಗೆ ಕರೆಸಿದ. ಕೂರಲು ಹೇಳಿದ, ಚಹಾ ತರಿಸಿದ. ಚಹಾ ಕಾಗದದ ಕಪ್ಪಿನಲ್ಲಿ ಬಂತು. ವಿನೀತನದು ಪಿಂಗಾಣಿಯದು. ಹಿಂದಿನ ವಾರ ಇಬ್ಬರಿಗೂ ಪಿಂಗಾಣಿಯೇ ಬಂದಿತ್ತು.

"ಮೊದಲೇ ಹೇಳ್ಬಾರದಿತ್ತಾ ಕೊರಗಪ್ಪ?" ವಿನೀತನ ದನಿಯಲ್ಲಿ ನಿಜವಾದ ನೋವಿತ್ತು. "ಬೇರೆ ಯಾರಿಗಾದ್ರೂ ವೇಷ ಹಾಕಿಸ್ತಿದ್ದೆ."

ಕೊರಗಪ್ಪ ಚಹಾ ಕುಡಿದ.

"ಜನರಿಗೆ ಬೇಜಾರಾಗಿದೆ. ಅವರನ್ನು ಅಪರಾಧಿಗಳ ಹಾಗೆ ಕೈ ಎತ್ತಿಸಿದ್ದಿ. ರಾನ್ಸನ್ ಕ್ಯಾಮೆರಾ ತಂದಿದ್ದಾನೆ. ಒಂದೇ ಶಬ್ದ, ತಪ್ಪಾಯ್ತು ಅಂತ ಹೇಳು. ಫೈಲು ಇವತ್ತೇ ಹೋಗ್ತದೆ. ಮುಂದಿನ ಶೋ ಕೂಡ ನಿಂದೇ."

ಮೂಲೆಯಲ್ಲಿದ್ದ ರಾನ್ಸನ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಇಟ್ಟ. ಕೊರಗಪ್ಪನ ಕಣ್ಣು ತಪ್ಪಿಸಿ, ರೆಡಿಯಾ ಎಂದು ಕೇಳಿದ. ಕೆಂಪು ದೀಪ ಹೊತ್ತಿತು. ಕೊರಗಪ್ಪ ಕ್ಯಾಮೆರಾವನ್ನೇ ನೋಡುತ್ತ ಕೂತ. ಕೆಳಗಿನ ಬೀದಿಯಲ್ಲಿ ಬಸ್ಸೊಂದು ನಿಂತು ಹೋಯಿತು. ಬಹಳ ಹೊತ್ತಿನ ಮೇಲೆ ರಾನ್ಸನ್ ತಾನಾಗಿಯೇ ದೀಪ ಆರಿಸಿದ.

"ಖಲಾಸ್," ಎಂದ ವಿನೀತ್.

ಫೈಲು ಹೋಗಲಿಲ್ಲ, ಕೊರಗಪ್ಪ ಊರಿಗೆ ಹೋದ. ಶೋ ಟೀವಿಯಲ್ಲಿ ಬಂತು. ಫೋರ್‌ಮನ್‌ಗಳ ಜೋಕಿತ್ತು, ಹಾಡಿತ್ತು, ಕೊನೆಯ ಭಾಗ ಇರಲಿಲ್ಲ. ಅದರ ಬದಲು ಸಂಘದ ಅಧ್ಯಕ್ಷರು ಸಮಾನತೆಯ ಬಗ್ಗೆ ಮಾತಾಡಿದರು. ಕೊರಗಪ್ಪನೇ ಕ್ಷಮೆ ಕೇಳಿ, ಮನೆಯ ಕಾರಣಕ್ಕೆ ಊರಿಗೆ ಹೋದನೆಂದು ವಿನೀತ್ ಸಂಘದಲ್ಲಿ ಹೇಳಿದ. ಎಲ್ಲರೂ ನಂಬಿದರು. ಬಾವಾಕುಂಞಿ ಮಾತ್ರ ಫೋನು ಮಾಡಿ ಹೌದಾ ಎಂದು ಕೇಳಿದ.

ಕೊರಗಪ್ಪ ತಪ್ಪಾಯ್ತು ಎಂದು ಹೇಳಿರಲಿಲ್ಲ.