ಕಂಠಪ್ಪನ ಒಲೆ ಬಾಗಿಲು

ನಿಂಗರಾಜು ಹೂವಿನ ಹಾರ ಹಿಡಿದು ಶಾಮಿಯಾನದ ಅಂಚಿನಲ್ಲೇ ತಡವರಿಸುತ್ತಿದ್ದ. ಸಾವಿನ ಮನೆಯಲ್ಲಿ ಯಾರೂ ಯಾರನ್ನೂ ಬನ್ನಿ ಎಂದು ಕರೆಯುವುದಿಲ್ಲ. ಬಂದವರು ತಾವಾಗಿ ಒಳಗೆ ಬರಬೇಕು. ಅವನಿಗೆ ಆ ಧೈರ್ಯ ಬಂದಿರಲಿಲ್ಲ. ಕಂಠಪ್ಪನ ತಲೆಯ ಬಳಿ ಕೂತಿದ್ದ ಮಗಳು ಬೃಂದಾ ಅವನನ್ನು ಕಂಡವಳೇ ಮುಖ ತಿರುಗಿಸಿದಳು.

"ಬಂದವ್ನೆ ನೋಡು, ಗುರುವಿಗೇ ತಿರುಮಂತ್ರ ಹಾಕಿದೋನು," ಎಂದಳು ಪಕ್ಕದಲ್ಲಿದ್ದ ಬೆಳ್ಳಮ್ಮನಿಗೆ. "ಲಾಯರ್ ನೋಟಿಸ್ ಆಗ್ಲೇ ಹೋಗಾಯ್ತು. ಸೋಮವಾರ ಕೇಸ್ ಹಾಕ್ತೀನಿ."

ಬೆಳ್ಳಮ್ಮ ಕಾಡಂಚಿನ ಹಾಡಿಯವಳು. ಹೊಗೆಸೊಪ್ಪನ್ನು ಶಾಖದಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಮನೆಗಳಲ್ಲಿ ಒಲೆ ಕಾಯುವ ಕೂಲಿ ಮಾಡಿಯೇ ಮುದುಕಿಯಾದವಳು.

"ಇವತ್ತು ಬ್ಯಾಡ ಬುಡವ್ವ. ನಿಮ್ಮಪ್ಪ ಆ ಒಲೆ ಬಾಗ್ಲು ಮಾಡೋಗಂಟ ಹಂಗಾಮೆಲ್ಲ ಒಲೆ ಮುಂದೇಯ ನನ್ ಬಾಳು. ಕೂಸು ಅತ್ರೂ ಏಳಂಗಿರ್ಲಿಲ್ಲ. ಈಗ ಮನೇಲಿ ಮಲಗ್ತೀನಿ. ಪುಣ್ಯಾತ್ಮ," ಎಂದು ಕಂಠಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

*

ಪಿರಿಯಾಪಟ್ಟಣದ ರಸ್ತೆ ಬದಿಯಲ್ಲಿ ಕಂಠಪ್ಪನ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು ಅಂತ ತಣ್ಣಗೆ ಇದ್ದವನಿಗೆ ಒಂದು ವರ್ಷ ಬ್ಯಾರನ್ ಒಲೆಯ ಹುಚ್ಚು ಹತ್ತಿತು. ಸೊಪ್ಪು ಬೇಯುವಾಗ ಶಾಖ ಏರಿಳಿದರೆ ವರ್ಷದ ದುಡಿಮೆ ಹಾಳು. ಅದಕ್ಕೇ ಹಗಲೂ ರಾತ್ರಿ ಒಬ್ಬರು ಸೌದೆ ತಳ್ಳುತ್ತಾ ಕೂರಬೇಕು. ಗಾಳಿಯನ್ನು ಹದವಾಗಿ ಒಳಗೆ ಬಿಡುವ ಕಬ್ಬಿಣದ ಬಾಗಿಲೊಂದನ್ನು ಅವನು ಮಾಡಿದ. ಸೌದೆ ತುಂಬಿ ಮುಚ್ಚಿದರೆ ಅರ್ಧ ದಿನ ಒಲೆಯ ಕಡೆ ತಲೆ ಹಾಕಬೇಕಿರಲಿಲ್ಲ. ಅದು ಸರಿಹೋಗುವಷ್ಟರಲ್ಲಿ ಎಷ್ಟೋ ಬಾಗಿಲು ಗುಜರಿ ಸೇರಿದ್ದವು, ಕಂಠಪ್ಪನ ಒಂದು ಕಣ್ಣು ಮಂಜಾಗಿತ್ತು.

ಡಿಪ್ಲೊಮಾ ಓದಿ ಅಂಗಡಿ ಸೇರಿದ್ದ ಬೃಂದಾ ಓಡಾಡಿ ಪೇಟೆಂಟ್ ಮಾಡಿಸಿದಳು. ಅತ್ತ, ಇದೇ ಅಂಗಡಿಯಲ್ಲಿ ಕೆಲಸ ಕಲಿತ ನಿಂಗರಾಜು ಹುಣಸೂರಿನಲ್ಲಿ ಅದೇ ಬಾಗಿಲು ಮಾಡಿ ಮಾರತೊಡಗಿದ.

"ಕಣ್ಣು ಕಳ್ಕೊಂಡೋನು ನೀನು, ನಕಲು ಹೊಡಿಯೋನು ಅವ್ನು. ಹಕ್ಕು ಅಂತ ಬರ್ಸ್ಕೊಂಡಿರೋದು ಯಾತಕ್ಕಪ್ಪ?" ಎಂದು ಬೃಂದಾ ರೇಗಿದ್ದಳು.

"ಹೊರಗಿನ ಯಾವನೋ ದೊಡ್ಡೋನು ಇದು ನಂದೇಯ ಅಂತ ಬರ್ಸ್ಕೊಂಡು ನಾಳೆ ನಮ್ ಕೈನೇ ಕಟ್ಟಾಕ್ಬಾರ್ದಲ್ಲ, ಅದ್ಕೆ ಕಣವ್ವ. ನಿಂಗ ಮಾಡ್ಕಂಡ್ರೆ ಮಾಡ್ಕಳ್ಳಿ. ಇಷ್ಟೂರಿಗೆ ನಾನೊಬ್ನೇ ಮಾಡಕಾಯ್ತದಾ? ತೆಳು ತಗಡು ಹಾಕಿ ಯಾರ್ ಬ್ಯಾರನ್ನಾದ್ರೂ ಸುಟ್ಟಾನು ಅನ್ನೋದೊಂದೇ ನಂಗೆ ದಿಗ್ಲು."

"ಮತ್ತೆ ನಮ್ ಅಂಗ್ಡಿ?"

ಒಳ್ಳೆಯವರ ಜೊತೆ ಬಾಳುವವರ ಕಷ್ಟ ಒಳ್ಳೆಯವರಿಗೆ ಎಲ್ಲಿ ತಿಳಿಯುತ್ತದೆ. ಕಂಠಪ್ಪ ಮುಖಕ್ಕೆ ವೆಲ್ಡಿಂಗ್ ಗುರಾಣಿ ಅಡ್ಡ ಹಿಡಿದು ಕೆಲಸಕ್ಕೆ ಕೂತಿದ್ದ.

*

ಗುಣಿಗೆ ದೇಹ ಇಳಿಸಿದರು. ಒಬ್ಬಳೇ ಮಗಳು, ಮೊದಲ ಹಿಡಿ ಮಣ್ಣು ಬೃಂದಾಳೇ ಹಾಕಿದಳು. ಆಮೇಲೆ ಊರಿನ ಹಿರಿಯ ಕೆಂಪಯ್ಯ, ಸೊಪ್ಪು ಬೇಯಿಸುವ ಹಂಗಾಮಿನಲ್ಲಿ ಯಾರೇ ಸತ್ತರೂ ಕೂಗುವ ಮಾತನ್ನೇ ಕೂಗಿದ.

"ಬ್ಯಾರನ್‌ಗೆ ಬೆಂಕಿ ಹಾಕಿರೋರು ಮೊದ್ಲು ಮಣ್ಣಾಕ್ಬುಟ್ಟು ಒಂಟೋಗ್ರಪ್ಪ."

ಬೆಂಕಿ ಹೆಣಕ್ಕೂ ಕಾಯುವುದಿಲ್ಲವಲ್ಲ. ಬೃಂದಾಳ ಅವ್ವ ತೀರಿಕೊಂಡಿದ್ದೂ ಇಂಥದೇ ಹಂಗಾಮಿನಲ್ಲಿ. ಅಂದು ಹೀಗೆ ಕೂಗಿದ ಮೇಲೆ ಗುಣಿ ಮುಚ್ಚಲೂ ಜನ ಉಳಿಯದೆ ಕಂಠಪ್ಪನೇ ಗುದ್ದಲಿ ಹಿಡಿದಿದ್ದ. ಅವನಿಗೆ ಒಲೆಯ ಹುಚ್ಚು ಹತ್ತಿದ್ದು ಅದಾದ ಮೇಲೆ.

ಇಂದು ಯಾರೂ ಕದಲಲಿಲ್ಲ. ಕೆಂಪಯ್ಯ ಮತ್ತೆ ಕೂಗಿದ.

"ಬಾಗ್ಲು ಮುಚ್ಚಿ ಬಂದಿವಿ ಬುಡಣ್ಣ. ಸಂಜೆಗಂಟ ಯೋಚ್ನೆ ಇಲ್ಲ," ಎಂದ ಮುಂದೆ ನಿಂತಿದ್ದ ರೈತನೊಬ್ಬ.

"ಯಾರು ಮಾಡಿದ್ ಬಾಗ್ಲು?" ಬೃಂದಾ ಕೇಳಿಯೇಬಿಟ್ಟಳು.

ಅವನು ಮುಜುಗರಪಟ್ಟ. "ನಿಂಗರಾಜಂದು ಕಣವ್ವ. ನಿಮ್ ಅಂಗ್ಡೀಲಿ ಮುಂದಿನ್ ವರ್ಸ ಸಿಕ್ತದೆ ಅಂದ್ರು."

"ನಮ್ದೂ ಅವ್ನದೇಯ," ಎಂದಿತು ಹಿಂದಿನಿಂದ ಇನ್ನೊಂದು ದನಿ.

ಬೃಂದಾ ಗುಂಪಿನ ಕಡೆ ತಿರುಗಿದಳು. ಹುಣಸೂರಿನ ಕಡೆಯವರು, ಕೋಟೆ ತಾಲ್ಲೂಕಿನ ಕಡೆಯವರು, ಗಂಡ ಹೆಂಡತಿ ಇಬ್ಬರೂ ಬಂದವರು. ಅಪ್ಪ ಮಾಡಿದ ಬಾಗಿಲಷ್ಟೇ ಇದ್ದಿದ್ದರೆ ಇವರಲ್ಲಿ ಅರ್ಧ ಜನ ಈಗ ಒಲೆಯ ಮುಂದೆ ಕೂತಿರುತ್ತಿದ್ದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು, ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದ ಅಳು.

"ನಿಂಗರಾಜಣ್ಣ," ಎಂದಳು ಕಣ್ಣೊರೆಸಿಕೊಂಡು, ಗುಂಪಿನ ಹಿಂದೆ ನಿಂತಿದ್ದವನನ್ನು ನೋಡಿ. "ತಗಡು ಎಂಥದ್ದು ಹಾಕ್ತಿದ್ದೀಯ?"

"ಯಜಮಾನ್ರು ಹಾಕ್ತಿದ್ದಷ್ಟೇ ದಪ್ಪಂದು ಕಣವ್ವ. ತೆಳುದ್ ಹಾಕ್ಬ್ಯಾಡ ಅಂತ ನನ್ ಅಂಗ್ಡಿಗೇ ಬಂದು ಬೈದೋಗಿದ್ರು."

"ಬಾಗ್ಲು ಮೇಲೆ ಅಪ್ಪನ ಹೆಸರು ಕೆತ್ತು. ಕೇಸ್ ಹಾಕಲ್ಲ."

ಅವಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. ನಿಂಗರಾಜು ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಹಾಕಿದ. ಅವನ ಹಿಂದೆ ಬೆಳ್ಳಮ್ಮ, ಬೆಳ್ಳಮ್ಮನ ಹಿಂದೆ ಉಳಿದವರು ಸಾಲಾಗಿ ಬಂದರು. ಗುದ್ದಲಿ ಹಿಡಿದು ನಿಂತಿದ್ದವರಿಗೆ ಕೆಲಸವೇ ಸಿಗಲಿಲ್ಲ; ಒಬ್ಬೊಬ್ಬರ ಹಿಡಿ ಮಣ್ಣಿನಲ್ಲೇ ಗುಣಿ ತುಂಬಿತು.